ಸೇಬಿನ ವೈನ್: ಮನೆಯ ತಯಾರಿಕೆ

ಸೇಬಿನ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿ ಬದಲಿಸಿದಾಗ ದೊರೆಯುವ ಪಾನೀಯ ಸೇಬಿನ ವೈನ್. ಇದರ ಹೆಸರಿನಲ್ಲಿ ದೇಶದಿಂದ ದೇಶಕ್ಕೆ ಗೊಂದಲವಿದೆ. ಬ್ರಿಟನ್ನಿನಲ್ಲಿ ಸೈಡರ್ ಎಂದರೆ ಹುದುಗಿದ ಸೇಬಿನ ರಸ. ಅಮೆರಿಕದಲ್ಲಿ ಅದೇ ಮಾತಿಗೆ ಹುದುಗದ, ಸೋಸದ ಸಿಹಿ ರಸವೆಂದು ಅರ್ಥ. ಹುದುಗಿದ್ದನ್ನು ಹಾರ್ಡ್ ಸೈಡರ್ ಎನ್ನುತ್ತಾರೆ. ಜರ್ಮನಿಯ ಫ್ರಾಂಕ್‌ಫರ್ಟ್ ಸೀಮೆಯಲ್ಲಿ ನೇರವಾಗಿ ಅಪ್ಫೆಲ್‌ವೈನ್, ಅಂದರೆ ಸೇಬಿನ ವೈನ್ ಎಂದೇ ರೂಢಿ. ನಮ್ಮಲ್ಲಿ ಸೈಡರ್ ಎಂಬ ಮಾತು ಹೆಚ್ಚಿನವರ ಕಿವಿಗೆ ಬಿದ್ದಿರುವುದು ಆಪಲ್ ಸೈಡರ್ ವಿನೆಗರ್ ಬಾಟಲಿಯ ಮೂಲಕ. ಅದು ಇದೇ ಪಾನೀಯ ಗಾಳಿಗೆ ಸಿಕ್ಕು ಹುಳಿತ ಮುಂದಿನ ಅವಸ್ಥೆ. ಮನೆಯಲ್ಲಿ ಮಾಡುವವರ ರೂಢಿಯಲ್ಲಿ ರಸವನ್ನು ಇದ್ದ ಹಾಗೆಯೇ ಹುದುಗಿಸಿದರೆ ಸೈಡರ್, ಅದರಲ್ಲಿ ಮದ್ಯಸಾರ ಸುಮಾರು ನೂರಕ್ಕೆ 5ರಿಂದ 7. ಸಕ್ಕರೆ ಸೇರಿಸಿ 10ರಿಂದ 12ರವರೆಗೆ ಏರಿಸಿದರೆ ವೈನ್. ಕೆಲಸದ ಕ್ರಮ ಎರಡಕ್ಕೂ ಒಂದೇ. ಈ ವಿಷಯದ ಬರಹಗಳಲ್ಲಿ ಹೆಚ್ಚಿನವು ಯೀಸ್ಟ್, ಸಕ್ಕರೆ, ಪಾತ್ರೆಗಳಿಂದ ಆರಂಭವಾಗುತ್ತವೆ. ಆದರೆ ಸೇಬಿನ ವೈನ್ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದರ ಬಹುಪಾಲು ಅದಕ್ಕೂ ಮೊದಲೇ, ಹಣ್ಣಿನ ಹುಳಿ ಮತ್ತು ಒಗರಿನಲ್ಲೇ ತೀರ್ಮಾನವಾಗಿರುತ್ತದೆ.

ಇದಕ್ಕೆ ಕಾರಣ ಹುದುಗುವಿಕೆಯ ಲೆಕ್ಕದಲ್ಲೇ ಇದೆ. ಯೀಸ್ಟ್ 180 ಗ್ರಾಂ ಗ್ಲುಕೋಸನ್ನು ಒಡೆದರೆ ಸಿಗುವುದು ಸುಮಾರು 92 ಗ್ರಾಂ ಮದ್ಯಸಾರ ಮತ್ತು 88 ಗ್ರಾಂ ಇಂಗಾಲದ ಡೈ ಆಕ್ಸೈಡ್. ಎಂದರೆ ಸಕ್ಕರೆಯ ತೂಕದ ಹೆಚ್ಚುಕಡಿಮೆ ಅರ್ಧ ಗುಳ್ಳೆಯಾಗಿ ಹಾರಿಹೋಗುತ್ತದೆ, ಸಿಹಿಯಂತೂ ಪೂರ್ತಿ ಹೋಗುತ್ತದೆ. ಸೇಬಿನ ರಸದಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಿಂದ 14ರಷ್ಟು ಸಕ್ಕರೆ ಇರುತ್ತದೆ. ಅದರಲ್ಲಿ ಫ್ರಕ್ಟೋಸ್ ಪಾಲೇ ದೊಡ್ಡದು. ಹಣ್ಣನ್ನು ಕಚ್ಚಿದಾಗ ನಾಲಗೆ ಮೆಚ್ಚುವುದು ಈ ಸಿಹಿಯನ್ನು. ಹುದುಗಿದ ಮೇಲೆ ಲೋಟದಲ್ಲಿ ಉಳಿಯುವುದು ಮದ್ಯಸಾರ, ಹುಳಿ, ಒಗರು ಮತ್ತು ಪರಿಮಳ. ಹುಳಿ ಬಹುತೇಕ ಮ್ಯಾಲಿಕ್ ಆಮ್ಲದ್ದು. ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್‌ಹೆಲ್ಮ್ ಷೀಲೆ 1785ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ಸೇಬಿನ ರಸದಿಂದಲೇ. ಹೆಸರು ಬಂದದ್ದೂ ಸೇಬಿನ ಲ್ಯಾಟಿನ್ ಹೆಸರಿನಿಂದ. ಒಗರು ಟ್ಯಾನಿನ್ನಿನದು. ಎಳೆಯ ಬಾಳೆಕಾಯಿಯನ್ನೋ ನೆಲ್ಲಿಕಾಯಿಯನ್ನೋ ಕಡಿದಾಗ ನಾಲಗೆಯನ್ನು ಹಿಡಿದಂತಾಗುವ ಆ ಗುಣಕ್ಕೆ ಕನ್ನಡದಲ್ಲಿ ಮನೆಮಾತಿನ ಪದವಿರುವುದು ಈ ವಿಷಯ ಬರೆಯುವವರಿಗೆ ದೊಡ್ಡ ಅನುಕೂಲ. ಹುಳಿಯಿಲ್ಲದ ವೈನ್ ಸಪ್ಪೆ, ಒಗರಿಲ್ಲದ ವೈನ್ ನೀರುನೀರು. ಈ ಎರಡನ್ನೂ ಸಕ್ಕರೆಯಿಂದಾಗಲಿ ಯೀಸ್ಟಿನಿಂದಾಗಲಿ ತರಲು ಬರುವುದಿಲ್ಲ.

ಸೇಬಿನ ಪಾನೀಯವನ್ನು ಶತಮಾನಗಳಿಂದ ಮಾಡಿಕೊಂಡು ಬಂದ ಸೀಮೆಗಳು ಈ ಸತ್ಯವನ್ನು ವಿಜ್ಞಾನ ಹೇಳುವ ಮೊದಲೇ ಅರಿತಿದ್ದವು. ಇಂಗ್ಲೆಂಡಿನ ಹೆರೆಫರ್ಡ್‌ಷೈರ್‌ನಲ್ಲಿ 17ನೆಯ ಶತಮಾನದಲ್ಲಿ ಲಾರ್ಡ್ ಸ್ಕುಡಮೋರ್ ಹೆಸರಿನೊಂದಿಗೆ ಪ್ರಸಿದ್ಧವಾದ ರೆಡ್‌ಸ್ಟ್ರೀಕ್ ಹಿಂಡುವುದಕ್ಕೆಂದೇ ಬೆಳೆದ ತಳಿ. ಜಾನ್ ಎವಲಿನ್ 1664ರಲ್ಲಿ ಮರಗಳ ಕುರಿತ ತನ್ನ ಗ್ರಂಥಕ್ಕೆ ಪೊಮೊನಾ ಎಂಬ ಅನುಬಂಧವನ್ನೇ ಸೇರಿಸಿ ಸೈಡರ್ ಹಣ್ಣುಗಳ ವಿಚಾರ ಬರೆದ. ಬ್ರಿಸ್ಟಲ್ ಹತ್ತಿರದ ಲಾಂಗ್ ಆ್ಯಷ್ಟನ್‌ನಲ್ಲಿ 1903ರಲ್ಲಿ ಇದಕ್ಕೆಂದೇ ಸಂಶೋಧನಾ ಸಂಸ್ಥೆ ಆರಂಭವಾಯಿತು, ಅಲ್ಲಿನ ಬಿ. ಟಿ. ಪಿ. ಬಾರ್ಕರ್ ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ರಸದಲ್ಲಿ ಆಮ್ಲ ನೂರಕ್ಕೆ 0.45ಕ್ಕಿಂತ ಹೆಚ್ಚಿದ್ದರೆ ಹುಳಿ ಹಣ್ಣು, ಟ್ಯಾನಿನ್ 0.2ಕ್ಕಿಂತ ಹೆಚ್ಚಿದ್ದರೆ ಒಗರಿನ ಹಣ್ಣು. ಎರಡೂ ಹೆಚ್ಚು, ಎರಡೂ ಕಡಿಮೆ, ಒಂದು ಹೆಚ್ಚು ಇನ್ನೊಂದು ಕಡಿಮೆ ಎಂದು ಒಟ್ಟು ನಾಲ್ಕು ಗುಂಪು. ಗಮನಿಸಬೇಕಾದದ್ದೆಂದರೆ, ಗುಂಪು ಕಟ್ಟುವಾಗ ಸಕ್ಕರೆಯ ಪ್ರಮಾಣವನ್ನು ಬಾರ್ಕರ್ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಫ್ರಾಂಕ್‌ಫರ್ಟಿನ ಉದಾಹರಣೆ ಇನ್ನೂ ಹೆಚ್ಚು ಕಲಿಸುತ್ತದೆ. ಅಲ್ಲಿನ ತೋಟಗಳ ಸೇಬಿನಲ್ಲಿ ಹುಳಿ ಸಾಕಷ್ಟಿದೆ, ಒಗರು ಸಾಲದು. ಆದ್ದರಿಂದ ಸ್ಪೈಯರ್‌ಲಿಂಗ್ ಎಂಬ ಮರದ ಸಣ್ಣ, ಬಾಯಿಗಿಡಲಾಗದಷ್ಟು ಒಗರಾದ ಕಾಯಿಗಳ ರಸವನ್ನು ಸ್ವಲ್ಪ ಬೆರೆಸುವ ಪದ್ಧತಿ ಬೆಳೆಯಿತು. ಹಣ್ಣಿನಲ್ಲಿ ಇಲ್ಲದ್ದನ್ನು ಇನ್ನೊಂದು ಹಣ್ಣಿನಿಂದ ತುಂಬುವುದು ಕಲಬೆರಕೆಯಲ್ಲ, ಅದೇ ಈ ವಿದ್ಯೆಯ ತಿರುಳು. ಬ್ರಿಟನ್ನಿನ ಮನೆ ವೈನುಗಾರರು ಅದೇ ಉದ್ದೇಶಕ್ಕೆ ಗಟ್ಟಿಯಾದ ಟೀ ಡಿಕಾಕ್ಷನ್ ಹಾಕುತ್ತಾರೆ.

ಭಾರತದಲ್ಲಿ ಕೊರತೆ ಇನ್ನೊಂದು ಬಗೆಯದು, ಅದಕ್ಕೊಂದು ಇತಿಹಾಸವೂ ಇದೆ. ಬ್ರಿಟಿಷರು ಹಿಮಾಲಯದ ತಪ್ಪಲಿಗೆ ಮೊದಲು ತಂದ ಪಿಪ್ಪಿನ್ ಮೊದಲಾದ ತಳಿಗಳು ಹುಳಿ ಹಣ್ಣುಗಳು. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಎವನ್ಸ್ ಸ್ಟೋಕ್ಸ್, ಮುಂದೆ ಸತ್ಯಾನಂದ ಸ್ಟೋಕ್ಸ್ ಎಂದು ಹೆಸರಾದವರು, 1916ರಲ್ಲಿ ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ ಅಮೆರಿಕದ ರೆಡ್ ಡೆಲಿಷಿಯಸ್ ನೆಟ್ಟರು. ಸಿಹಿಯಾದ, ಕೆಂಪಗೆ ಹೊಳೆಯುವ ಆ ಹಣ್ಣು ಇಲ್ಲಿನ ಬಾಯಿಗೆ ಹಿಡಿಸಿತು, ಬೆಟ್ಟದ ಬಡ ರೈತರ ಬದುಕನ್ನೇ ಬದಲಿಸಿತು. ತಿನ್ನುವ ಹಣ್ಣಾಗಿ ಅದು ಗೆದ್ದದ್ದು ನ್ಯಾಯವೇ. ಆದರೆ ಬೆಂಗಳೂರಿನದೋ ಹುಬ್ಬಳ್ಳಿಯದೋ ಹಣ್ಣಿನಂಗಡಿಯಲ್ಲಿ ಇಂದು ಸುಲಭವಾಗಿ ಸಿಗುವ ಡೆಲಿಷಿಯಸ್ ಬಗೆಗಳ ರಸದಲ್ಲಿ ಆಮ್ಲ ನೂರಕ್ಕೆ 0.2ರಿಂದ 0.3ರ ಆಸುಪಾಸು, ಒಗರು ಇನ್ನೂ ಕಡಿಮೆ. ವೈನ್‌ಗೆ ಬೇಕಾದ ಆಮ್ಲ 0.5ರಿಂದ 0.7. ಆ ಹಣ್ಣೊಂದನ್ನೇ ಹಿಂಡಿ ಹುದುಗಿಸಿದವರಿಗೆ ಸಿಗುವುದು ಮದ್ಯಸಾರವಿರುವ ಸಪ್ಪೆ ನೀರು. ತಪ್ಪು ತಮ್ಮ ಕೈಯದೆಂದು ಅವರು ಅಂದುಕೊಳ್ಳುತ್ತಾರೆ. ಪರಿಹಾರ ಕಷ್ಟದ್ದೇನಲ್ಲ. ಹಸಿರು ಗ್ರ್ಯಾನಿ ಸ್ಮಿತ್ ಹಣ್ಣಿನ ರಸದಲ್ಲಿ ಆಮ್ಲ 0.75 ಇದೆ, ಡೆಲಿಷಿಯಸ್ ರಸದಲ್ಲಿ 0.25 ಇದೆ ಎಂದಿಟ್ಟುಕೊಂಡರೆ ಸಮಪಾಲು ಬೆರೆಸಿದಾಗ 0.5. ಕಾಶ್ಮೀರದ ಹುಳಿ ತಳಿ ಮಹಾರಾಜಿ ಸಿಕ್ಕಿದರೆ ಅದೂ ಒಳ್ಳೆಯದು. ಹುಳಿ ಹಣ್ಣು ಸಿಗದಿದ್ದರೆ ಮ್ಯಾಲಿಕ್ ಆಮ್ಲದ ಪುಡಿ ಲೀಟರಿಗೆ 1 ಗ್ರಾಂ ಹಾಕಿದಾಗ ಆಮ್ಲ 0.1ರಷ್ಟು ಏರುತ್ತದೆ. ನಿಂಬೆರಸವೂ ಕೆಲಸ ಮಾಡುತ್ತದೆ, ಲೀಟರಿಗೆ 50 ಮಿಲಿಲೀಟರ್ ಹಾಕಿದರೆ ಹೆಚ್ಚುಕಡಿಮೆ 3 ಗ್ರಾಂ ಆಮ್ಲ ಸೇರಿದಂತೆ. ಆದರೆ ನಿಂಬೆಯ ಸಿಟ್ರಿಕ್ ಆಮ್ಲವನ್ನು ಕೆಲವು ಬ್ಯಾಕ್ಟೀರಿಯಾಗಳು ಬೆಣ್ಣೆಯ ವಾಸನೆಗೂ ವಿನೆಗರ್ ವಾಸನೆಗೂ ತಿರುಗಿಸಬಲ್ಲವಾದ್ದರಿಂದ ಅದು ಎರಡನೆಯ ಆಯ್ಕೆ. ಸ್ಪೈಯರ್‌ಲಿಂಗ್ ಇಲ್ಲದ ನಮ್ಮ ನಾಡಿನಲ್ಲಿ ಹುಳಿ, ಒಗರು ಎರಡನ್ನೂ ಒಟ್ಟಿಗೆ ಹೊತ್ತಿರುವ ಬೆಟ್ಟದ ನೆಲ್ಲಿಕಾಯಿ ಆ ಸ್ಥಾನಕ್ಕೆ ತಕ್ಕ ಕಾಯಿ ಎಂದು ಈ ಲೇಖನದ ಅಭಿಪ್ರಾಯ. ಅದರ ರಸವನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಪ್ರತಿ ಸಲ ರುಚಿ ನೋಡಿಕೊಂಡು ನಿಲ್ಲಿಸಬೇಕು.

ಹಣ್ಣು ಪೂರ್ತಿ ಮಾಗಿರಬೇಕು. ಕಾಯಿಯಲ್ಲಿರುವ ಪಿಷ್ಟ ಸಕ್ಕರೆಯಾಗಿ ತಿರುಗದ ಹೊರತು ಯೀಸ್ಟಿಗೆ ಅದು ಆಹಾರವಲ್ಲ. ಇದನ್ನು ಕಣ್ಣಾರೆ ನೋಡುವ ಉಪಾಯವಿದೆ: ಹಣ್ಣನ್ನು ಅಡ್ಡಕ್ಕೆ ಕೊಯ್ದು ಕೊಯ್ದ ಮುಖಕ್ಕೆ ಅಯೋಡಿನ್ ದ್ರಾವಣ ಹಚ್ಚಿದರೆ ಪಿಷ್ಟವಿರುವ ಭಾಗ ಕಪ್ಪುನೀಲಿಗೆ ತಿರುಗುತ್ತದೆ. ಎಳೆಗಾಯಿಯಲ್ಲಿ ಮುಖವೆಲ್ಲ ಕಪ್ಪು. ಮಾಗುತ್ತಾ ಬಂದಂತೆ ಬೀಜದ ಗೂಡಿನಿಂದ ಹೊರಕ್ಕೆ ಬಿಳಿ ಹರಡಿ ಕೊನೆಗೆ ಸಿಪ್ಪೆಯಂಚಿನಲ್ಲಿ ಮಾತ್ರ ಒಂದು ಗೆರೆ ಉಳಿಯುತ್ತದೆ. ಪರೀಕ್ಷಿಸಿದ ತುಂಡನ್ನು ಎಸೆಯಬೇಕು. ಯುರೋಪಿನಲ್ಲಿ ಕೊಯ್ದ ಹಣ್ಣನ್ನು ಕೆಲವು ವಾರ ರಾಶಿ ಹಾಕಿ, ಹೆಬ್ಬೆರಳು ಒತ್ತಿದರೆ ತಗ್ಗುವಷ್ಟು ಮೆತ್ತಗಾದ ಮೇಲೆ ಹಿಂಡುವುದೂ ಇದಕ್ಕೇ. ಮೆತ್ತಗಾಗುವುದು ಬೇರೆ, ಕೊಳೆಯುವುದು ಬೇರೆ. ಕೊಳೆತ ಸೇಬಿನಲ್ಲಿ ಬೆಳೆಯುವ ಪೆನಿಸಿಲಿಯಂ ಎಕ್ಸ್‌ಪಾನ್ಸಮ್ ಎಂಬ ಬೂಷ್ಟು ಪ್ಯಾಟುಲಿನ್ ಎಂಬ ವಿಷವನ್ನು ಬಿಡುತ್ತದೆ. ಸೇಬಿನ ರಸದಲ್ಲಿ ಅದರ ಅಂತರರಾಷ್ಟ್ರೀಯ ಮಿತಿ ಕಿಲೋಗೆ 50 ಮೈಕ್ರೋಗ್ರಾಂ. ಹುದುಗುವಾಗ ಅದರ ಬಹುಪಾಲು ನಾಶವಾಗುತ್ತದೆ ಎಂಬುದು ನಿಜವಾದರೂ ಅದನ್ನು ನೆಚ್ಚಿ ಕೊಳೆತ ಹಣ್ಣು ಬಳಸುವುದು ತರವಲ್ಲ. ಕಲೆಬಿದ್ದ ಹಣ್ಣು ಅಗ್ಗವಾಗಿ ಸಿಕ್ಕಿದರೆ ತೆಗೆದುಕೊಳ್ಳಬಹುದು, ಕೊಳೆತಿದ್ದರೆ ಬೇಡ.

ತೊಳೆದ ಹಣ್ಣನ್ನು ಸಿಪ್ಪೆ ಸಮೇತ ತುರಿದು ಅಥವಾ ಜಜ್ಜಿ, ಗಟ್ಟಿ ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಾರೆ. ಬೀಜ ಪುಡಿಯಾಗಬಾರದು, ಅದರಲ್ಲಿ ಸಯನೈಡ್ ಬಿಡುವ ಅಮಿಗ್ಡಲಿನ್ ಇದೆ. ಆದ್ದರಿಂದ ಮಿಕ್ಸಿಗೆ ಹಾಕುವುದಾದರೆ ಮೊದಲು ಗೂಡು ತೆಗೆಯಬೇಕು. ಮನೆಯ ಸಲಕರಣೆಯಲ್ಲಿ 10 ಕಿಲೋ ಹಣ್ಣಿಗೆ 5ರಿಂದ 6 ಲೀಟರ್ ರಸ ಬಂದರೆ ಹಿಂಡಿದ್ದು ಸಾರ್ಥಕ. ತುರಿದ ತಿರುಳು ನೋಡನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಒಗರಿನ ಅಂಶಗಳನ್ನು ಬದಲಿಸುವ ಕ್ರಿಯೆ ಅದು. ಬಣ್ಣ ಬಂದಷ್ಟೂ ಒಗರು ಇಳಿಯುತ್ತದೆ. ಒಗರು ವಿಪರೀತವಾಗಿರುವ, ಫ್ರಾನ್ಸಿನ ನಾರ್ಮಂಡಿಯ ಹಣ್ಣುಗಳಿಗೆ ಇದು ಬೇಕೆಂದೇ ಮಾಡುವ ಉಪಚಾರ, ತುರಿದದ್ದನ್ನು ಗಂಟೆಗಟ್ಟಲೆ ಬಿಡುತ್ತಾರೆ. ಒಗರೇ ಇಲ್ಲದ ನಮ್ಮ ಹಣ್ಣಿಗೆ ಅದು ನಷ್ಟ, ಬೇಗ ಹಿಂಡಬೇಕು. ಒಂದೇ ಕ್ರಿಯೆ ಒಂದು ಕಡೆ ಹಿತ, ಇನ್ನೊಂದು ಕಡೆ ಅಹಿತವಾಗುವುದು ಹಣ್ಣಿನ ಗುಣವನ್ನು ನೋಡದೆ ಪಾಕವಿಧಿಯನ್ನು ನಂಬುವವರಿಗೆ ಎಚ್ಚರಿಕೆ. ಪಾತ್ರೆ ಗಾಜಿನದೋ ಸ್ಟೀಲಿನದೋ ಆಹಾರಕ್ಕೆ ತಕ್ಕ ಪ್ಲಾಸ್ಟಿಕ್ಕಿನದೋ ಇರಲಿ. ತಾಮ್ರ, ಕಬ್ಬಿಣ, ಸೀಸದ ಹೊಳಪಿನ ಜಾಡಿ ಕೂಡದು. ಇಂಗ್ಲೆಂಡಿನ ಡೆವನ್‌ನಲ್ಲಿ ಸೈಡರ್ ಕುಡಿದವರನ್ನು ಕಾಡುತ್ತಿದ್ದ ಭಯಂಕರ ಹೊಟ್ಟೆನೋವಿಗೆ ಹಿಂಡುವ ಸಲಕರಣೆಯಲ್ಲಿದ್ದ ಸೀಸವೇ ಕಾರಣವೆಂದು ವೈದ್ಯ ಜಾರ್ಜ್ ಬೇಕರ್ 1767ರಲ್ಲಿ ತೋರಿಸಿಕೊಟ್ಟ. ರಸದ ಆಮ್ಲ ಲೋಹವನ್ನು ಕರಗಿಸಿಕೊಳ್ಳುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಸಿಹಿಯೂ ಮದ್ಯಸಾರವೂ ಕಡಿಮೆಯಾದರೆ ಸಕ್ಕರೆ ಹಾಕಿ ಸರಿಪಡಿಸಿದರಾಯಿತಲ್ಲ, ಹಣ್ಣಿನ ಚಿಂತೆ ಯಾಕೆ ಎಂದು. ಸಕ್ಕರೆ ಹಾಕುವುದು ತಪ್ಪಲ್ಲ. ಹೈಡ್ರೋಮೀಟರ್ ಇಳಿಬಿಟ್ಟಾಗ ರಸದ ಸಾಂದ್ರತೆ 1.050 ತೋರಿಸಿದರೆ ಅದು ಸುಮಾರು 6.5ರಷ್ಟು ಮದ್ಯಸಾರ ಕೊಡಬಲ್ಲುದು. 11ಕ್ಕೆ ಏರಿಸಲು ಲೀಟರಿಗೆ 80ರಿಂದ 100 ಗ್ರಾಂ ಸಕ್ಕರೆ ಬೇಕು. ಆದರೆ ಹಾಗೆ ಏರಿದ್ದು ಮದ್ಯಸಾರ ಮಾತ್ರ. ಹುಳಿ, ಒಗರು, ಪರಿಮಳ ಇದ್ದಷ್ಟೇ ಇದ್ದು ಅವುಗಳ ಮೇಲೆ ಮದ್ಯದ ಖಾರ ಕುಳಿತುಕೊಳ್ಳುತ್ತದೆ. ಹಣ್ಣನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ ಸಕ್ಕರೆ ಸುರಿಯುವ ಪಾಕವಿಧಿಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ನೀರು ಅರ್ಧ ಸೇರಿದರೆ ಹುಳಿಯೂ ಅರ್ಧವಾಯಿತು, ಮೊದಲೇ 0.25 ಇದ್ದ ಹಣ್ಣಿಗೆ ಇನ್ನೇನು ಉಳಿಯಿತು? ಕ್ರಿಸ್‌ಮಸ್ ಹೊತ್ತಿಗೆ ಬೆಂಗಳೂರಿನ, ಕೊಡಗಿನ ಮನೆಗಳಲ್ಲಿ ದ್ರಾಕ್ಷಿ, ಶುಂಠಿ ಮೊದಲಾದವುಗಳಿಂದ ಮಾಡುವ ವೈನುಗಳು ನೀರು ಬೆರೆಸಿಯೂ ಚೆನ್ನಾಗಿ ಬರುತ್ತವೆ ಎಂದು ಹೇಳಬಹುದು. ಅಲ್ಲಿ ಕಪ್ಪು ದ್ರಾಕ್ಷಿಯ ಸಿಪ್ಪೆ ಒಗರು ಕೊಡುತ್ತದೆ, ಶುಂಠಿ ಖಾರ ಕೊಡುತ್ತದೆ, ಮಸಾಲೆ ಪರಿಮಳ ಕೊಡುತ್ತದೆ. ಡೆಲಿಷಿಯಸ್ ಸೇಬಿಗೆ ಅಂಥ ಬೆಂಬಲವಿಲ್ಲ, ಅದನ್ನು ತೆಳುಮಾಡುವ ಅವಕಾಶವೇ ಇಲ್ಲ.

ಎರಡನೆಯ ಆಕ್ಷೇಪ ಯೀಸ್ಟಿನ ಪರವಾದದ್ದು. ಯೀಸ್ಟಿನ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಹಣ್ಣಿನ ಸಿಪ್ಪೆಯ ಮೇಲಿನ ಕಾಡು ಯೀಸ್ಟ್ ಬೇಗ ಎದ್ದು ಬೇಗ ಸೋಲುತ್ತದೆ. ಕೊನೆಮುಟ್ಟಿಸುವುದು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಬ್ರೆಡ್ಡಿನ ಯೀಸ್ಟ್ ಸಹ ಅದೇ ಜಾತಿ, ಹುದುಗಿಸುತ್ತದೆ, ಆದರೆ ತಳದಲ್ಲಿ ಗಟ್ಟಿಯಾಗಿ ಕೂರದೆ ಕದಡುತ್ತಲೇ ಇದ್ದು ಹಿಟ್ಟಿನ ವಾಸನೆ ಬಿಡುತ್ತದೆ. ವೈನ್ ಯೀಸ್ಟಿನ ಪೊಟ್ಟಣ ಒಳ್ಳೆಯದು. ಆದರೆ ಯೀಸ್ಟ್ ಕೆಲಸ ಮಾಡುವುದು ರಸ ಕೊಟ್ಟದ್ದರಲ್ಲೇ. ಸೇಬಿನ ರಸದಲ್ಲಿ ಸಾರಜನಕ ಕಡಿಮೆ. ಹಸಿದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ ಅಥವಾ ಅರ್ಧದಲ್ಲೇ ನಿಂತುಬಿಡುತ್ತದೆ. ಅದಕ್ಕೆ ಯೀಸ್ಟ್ ಆಹಾರವೆಂದು ಮಾರುವ ಡಯಮೋನಿಯಂ ಫಾಸ್ಫೇಟನ್ನು ಅಳತೆಯಲ್ಲಿ ಕೊಡುತ್ತಾರೆ. ನಾರ್ಮಂಡಿಯವರು ಇದೇ ಕೊರತೆಯನ್ನು ವರವಾಗಿಸಿಕೊಂಡರು. ಅಲ್ಲಿ ರಸದ ಪೆಕ್ಟಿನ್ ಹೆಪ್ಪುಗಟ್ಟಿ, ಮೇಲೆ ಕಂದು ಟೋಪಿಯಂತೆ ತೇಲುವ ತನಕ ಕಾಯುತ್ತಾರೆ. ಆ ಹೆಪ್ಪು ಸಾರಜನಕವನ್ನೂ ಒಂದಿಷ್ಟು ಎಳೆದುಕೊಂಡು ಹೋಗುತ್ತದೆ. ನಡುವಿನ ತಿಳಿಯನ್ನು ಬೇರೆ ಮಾಡಿದರೆ ಬಡಕಲಾದ ಯೀಸ್ಟ್ ತಿಂಗಳುಗಟ್ಟಲೆ ನಿಧಾನವಾಗಿ ಹುದುಗಿ, ಸಕ್ಕರೆಯನ್ನು ಪೂರ್ತಿ ಮುಗಿಸದೆ ನಿಲ್ಲುತ್ತದೆ. ಯೀಸ್ಟನ್ನು ಆಳುವುದು ಕೂಡ ಹಣ್ಣೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಮ್ಮ ಹವೆಯಲ್ಲಿ ಗಮನಿಸಬೇಕಾದದ್ದು ಶಾಖ. 15ರಿಂದ 18 ಡಿಗ್ರಿಯಲ್ಲಿ ಸೇಬಿನ ಪರಿಮಳ ಉಳಿಯುತ್ತದೆ, 28 ಡಿಗ್ರಿಯಲ್ಲಿ ಗುಳ್ಳೆಗಳೊಂದಿಗೆ ಹಾರಿಹೋಗುತ್ತದೆ. ಜಾಡಿಯನ್ನು ನೀರಿನ ಟಬ್ಬಿನಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿದರೆ ಒಣಹವೆಯ ದಿನಗಳಲ್ಲಿ ಕೆಲವು ಡಿಗ್ರಿಯಾದರೂ ಇಳಿಯುತ್ತದೆ.

ಮೂರನೆಯ ಆಕ್ಷೇಪ, ಮನೆಯಲ್ಲಿ ಮಾಡುವುದೇ ರಾಸಾಯನಿಕವಿಲ್ಲದೆ ಕುಡಿಯಲಿಕ್ಕಲ್ಲವೇ, ಗಂಧಕದ ಪುಡಿ ಯಾಕೆ ಎಂಬುದು. ಸ್ಕ್ವಾಷ್ ಮಾಡುವವರಿಗೆ ಕೆಎಂಎಸ್ ಎಂದು ಪರಿಚಿತವಾದ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನ ಕೆಲಸ ಕಾಡು ಯೀಸ್ಟನ್ನೂ ಬ್ಯಾಕ್ಟೀರಿಯಾವನ್ನೂ ಅಡಗಿಸುವುದು, ಬಣ್ಣಗೆಡುವುದನ್ನು ತಡೆಯುವುದು. ಹುಳಿಯ ಮಹತ್ವ ಇಲ್ಲಿ ಮತ್ತೆ ಕಾಣುತ್ತದೆ. ರಸದ ಪಿಎಚ್ 3.3ರವರೆಗೆ ಇದ್ದರೆ ಹತ್ತು ಲಕ್ಷಕ್ಕೆ 50 ಭಾಗ ಗಂಧಕದ ಡೈ ಆಕ್ಸೈಡ್ ಸಾಕು, 3.5ರ ಹೊತ್ತಿಗೆ 100, 3.8ರ ಹೊತ್ತಿಗೆ 150 ಬೇಕಾಗುತ್ತದೆ, ಅದನ್ನೂ ಮೀರಿದರೆ ಗಂಧಕದ ಕಾವಲು ನೆಚ್ಚುವಂತಿರುವುದಿಲ್ಲ. ಎಂದರೆ ಹುಳಿ ಹಣ್ಣು ಆರಿಸಿಕೊಂಡವರಿಗೆ ಪುಡಿ ಕಡಿಮೆ ಸಾಕು. ಪುಡಿಯೇ ಬೇಡವೆನ್ನುವವರಿಗೆ ಕಡಿಮೆ ಪಿಎಚ್‌ನ ರಸವೇ ಏಕೈಕ ರಕ್ಷಣೆ. ಲೀಟರಿಗೆ ಸುಮಾರು 0.18 ಗ್ರಾಂ ಕೆಎಂಎಸ್ ಹಾಕಿದರೆ 100 ಭಾಗವಾಗುತ್ತದೆ. ಹಾಕಿ ಒಂದು ದಿನ ಬಿಟ್ಟು ಯೀಸ್ಟ್ ಸೇರಿಸಬೇಕು. ಆಸ್ತಮಾ ಇರುವವರಲ್ಲಿ ಕೆಲವರಿಗೆ ಸಲ್ಫೈಟ್ ಒಗ್ಗುವುದಿಲ್ಲ, ಅವರಿಗೆ ಬಡಿಸುವಾಗ ಹೇಳಿ ಬಡಿಸುವುದು ಧರ್ಮ. ಬದಲಿಗೆ ರಸವನ್ನು ಕುದಿಸಿದರಾಯಿತು ಎಂಬ ಯೋಚನೆ ಒಳ್ಳೆಯದಲ್ಲ: ಬೇಯಿಸಿದ ವಾಸನೆ ಅಂಟಿಕೊಳ್ಳುತ್ತದೆ, ಪೆಕ್ಟಿನ್ ಬಿಟ್ಟುಕೊಂಡು ವೈನ್ ತಿಳಿಯಾಗದೆ ಉಳಿಯುತ್ತದೆ. ಹುದುಗುವ ಮೊದಲೇ ಪೆಕ್ಟಿನೇಸ್ ಕಿಣ್ವ ಹಾಕುವುದು ತಿಳಿಯ ದಾರಿ.

ಜಾಡಿಯ ಬಾಯಿಗೆ ಏರ್‌ಲಾಕ್ ಕೂರಿಸಿದರೆ ಒಳಗಿನ ಅನಿಲ ನೀರಿನ ಮೂಲಕ ಗುಳುಗುಳು ಎಂದು ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗುವುದಿಲ್ಲ. ಗಾಳಿ ಹೋದರೆ ಅಸಿಟೋಬ್ಯಾಕ್ಟರ್ ಮದ್ಯಸಾರವನ್ನು ವಿನೆಗರ್ ಮಾಡುತ್ತದೆ. ಭೋರ್ಗರೆತ ನಿಂತ ಮೇಲೆ ತಳದ ಗಸಿಯನ್ನು ಅಲುಗಿಸದೆ ಕೊಳವೆಯಿಂದ ತಿಳಿಯನ್ನು ಬೇರೆ ಜಾಡಿಗೆ, ಕುತ್ತಿಗೆಯವರೆಗೂ ತುಂಬುವಂತೆ ಇಳಿಸಬೇಕು. ಬಾಟಲಿಗೆ ತುಂಬುವ ಮೊದಲು ಹೈಡ್ರೋಮೀಟರ್ 1.000 ಅಥವಾ ಕೆಳಗೆ ನಿಂತು, ಎರಡು ಮೂರು ವಾರ ಅಲ್ಲಿಂದ ಕದಲದಿರಬೇಕು. ಸಕ್ಕರೆ ಉಳಿದಿರುವಾಗ ಬಿಗಿಯಾಗಿ ಮುಚ್ಚಿದ ಗಾಜು ಸಿಡಿಯುತ್ತದೆ, ಕಣ್ಣು ಹೋಗುವಂಥ ಅಪಾಯವದು.

ಮನೆಯ ವೈನ್ ಎಂದ ಕೂಡಲೇ ಕಳ್ಳಭಟ್ಟಿ ದುರಂತಗಳು ನೆನಪಾಗಿ ಮೆಥನಾಲ್ ಭಯ ಹುಟ್ಟುವುದು ಸಹಜ. ಪೆಕ್ಟಿನ್ ಒಡೆಯುವಾಗ ಸೇಬಿನಲ್ಲಿ ಸ್ವಲ್ಪ ಮೆಥನಾಲ್ ಬರುವುದು ನಿಜ. ಬಟ್ಟಿ ಇಳಿಸದ ಹಣ್ಣಿನ ವೈನಿನಲ್ಲಿ ಅದು ಜೀವಕ್ಕೆ ಎರವಾಗುವ ಮಟ್ಟಕ್ಕೆ ಏರುವುದಿಲ್ಲ. ಆ ಸಾವುಗಳು ಬಂದದ್ದು ಕೈಗಾರಿಕೆಯ ಮೆಥನಾಲ್ ಬೆರೆಸಿದ ಮದ್ಯದಿಂದ. ಹಾಗೆಂದು ಮದ್ಯಸಾರ ನಿರಪಾಯವೆಂದಲ್ಲ, ಕ್ಯಾನ್ಸರ್ ತರುತ್ತವೆಂದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿ ಅದು ಇದೆ. ಕಾನೂನು ನಾಡಿನಿಂದ ನಾಡಿಗೆ ಬೇರೆ. ಬ್ರಿಟನ್ನಿನಲ್ಲಿ ಮಾರಾಟಕ್ಕಲ್ಲದೆ ಮನೆಬಳಕೆಗೆ ವೈನ್ ಮಾಡಿಕೊಳ್ಳಬಹುದು. ಅಮೆರಿಕದ ಕೇಂದ್ರ ಕಾನೂನು ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200 ಗ್ಯಾಲನ್ ಮಿತಿ ಹಾಕಿದೆ. ಭಾರತದಲ್ಲಿ ಮದ್ಯದ ವಿಷಯ ರಾಜ್ಯಗಳ ಕೈಯಲ್ಲಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪರವಾನಗಿಯಿಲ್ಲದೆ ಮಾದಕ ಪಾನೀಯ ತಯಾರಿಸುವುದನ್ನು ನಿಷೇಧಿಸುತ್ತದೆ. ಮನೆಗಳಲ್ಲಿ ರೂಢಿಯಿದೆ ಎಂಬುದು ಪರವಾನಗಿಯಲ್ಲ, ಕೈಹಾಕುವ ಮೊದಲು ಇದನ್ನು ತಿಳಿದಿರಬೇಕು.

ಹೊಸ ಸೇಬಿನ ವೈನ್ ಒರಟಾಗಿರುತ್ತದೆ, ಆರು ತಿಂಗಳಾದರೂ ಇಟ್ಟರೆ ಹದಕ್ಕೆ ಬರುತ್ತದೆ. ಯುರೋಪಿನ ಹಳ್ಳಿಗಳಲ್ಲಿ ವಸಂತದಲ್ಲಿ ಸೇಬಿನ ಮರ ಹೂಬಿಡುವಾಗ ಪೀಪಾಯಿಯೊಳಗಿನ ಸೈಡರ್ ಕೂಡ ಮಿಸುಕಾಡುತ್ತದೆ ಎಂಬ ಮಾತಿತ್ತು. ಮಿಸುಕಾಟ ನಿಜ, ಅದರ ಕಾರಣ ಹೂವಲ್ಲ, ಏರಿದ ಶಾಖ. ಚಳಿಗಾಲವೆಲ್ಲ ಸುಮ್ಮನಿದ್ದ ಈನೋಕಾಕಸ್ ಈನೈ ಮೊದಲಾದ ಬ್ಯಾಕ್ಟೀರಿಯಾಗಳು ಬೆಚ್ಚಗಾದೊಡನೆ ಎದ್ದು, ಚೂಪಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ, ಗುಳ್ಳೆ ಬಿಡುತ್ತವೆ. ಹುಳಿ ವಿಪರೀತವಾಗಿರುವ ಹೆರೆಫರ್ಡ್‌ಷೈರ್‌ನ ಪೀಪಾಯಿಗೆ ಅದು ಉಪಕಾರ. ಬೆಂಗಳೂರಿನ ಕೋಣೆಯಲ್ಲಿ ಅಂಥ ಚಳಿಗಾಲವಿಲ್ಲ. ಹುದುಗುವಿಕೆ ಮುಗಿಯುವ ಮುಂಚೆಯೇ ಅವು ಕೆಲಸ ಆರಂಭಿಸಿ, ಡೆಲಿಷಿಯಸ್ ಹಣ್ಣಿನಲ್ಲಿದ್ದ ಚೂರುಪಾರು ಹುಳಿಯನ್ನೂ ತಿಂದುಹಾಕಬಲ್ಲವು. ಆದ್ದರಿಂದ ಇಲ್ಲಿ ಗಸಿಯಿಂದ ಇಳಿಸಿದ ದಿನವೇ ಇನ್ನೊಂದು ಚಿಟಿಕೆ ಕೆಎಂಎಸ್ ಹಾಕಿ ಜಾಡಿಯನ್ನು ತಂಪಾದ ಮೂಲೆಗೆ ಸರಿಸಬೇಕು.